ಹೊಳೆ ದಂಡೆಯ ಹೊಲ ಹಿಡಿಯುವ ಮುಂಚೆ: ಮೂರು ಮಣ್ಣು, ಮೂರಡಿ ಗುಂಡಿ

ಹೋದ ಬೇಸಿಗೆಯಲ್ಲಿ ಅಕ್ಕನ ಮಗ ಗಂಗಾವತಿಯಿಂದ ಫೋನ್ ಮಾಡಿದ. "ಮಾವ, ಹೊಳಿ ದಂಡಿಗೆ ಮೂರು ಹೊಲ ಲಾವಣಿಗೆ ಬಂದಾವ. ಮೂರೂ ಹೊಳಿ ಮಣ್ಣೇ ಅಂತಾರ. ಯಾವುದು ಹಿಡೀಲಿ?"

"ಎಷ್ಟು ಅಡಿ ಅಗೆದು ನೋಡಿದಿ?" ಎಂದು ಕೇಳಿದೆ.

"ಅಗಿಯೋದ್ಯಾಕ? ಮಣ್ಣು ಮ್ಯಾಲೇ ಕಾಣ್ತದಲ್ಲ."

ಇದೇ ಮಾತನ್ನು ಹನ್ನೆರಡು ವರ್ಷದ ಹಿಂದೆ ನಾನೂ ಆಡಿದ್ದೆ. ಸಿರುಗುಪ್ಪ ಕಡೆ ಹೊಳೆಗೆ ಹತ್ತಿಕೊಂಡ ಮೂರು ಎಕರೆ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದಿದ್ದೆ. ಮೇಲಿನ ಮಣ್ಣು ನೋಡಿದರೆ ಕಣ್ಣು ತುಂಬುತ್ತಿತ್ತು. ಕಂದು ಬಣ್ಣ, ಹಿಡಿದರೆ ಮೆತ್ತಗೆ, ಕುಂಟೆ ಹೊಡೆದರೆ ಒಂದು ಹೆಂಟೆ ಏಳುವುದಿಲ್ಲ. ಬಾಳೆ ಹಚ್ಚಿದೆ. ಚಳಿಗಾಲ ಕಳೆಯುವ ತನಕ ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋಗುವಂಥ ಬಾಳೆ. ಏಪ್ರಿಲ್‌ನಲ್ಲಿ ವಾರಕ್ಕೊಮ್ಮೆ ನೀರು ಕೊಟ್ಟರೂ ಎಲೆ ಜೋತು ಬಿದ್ದವು, ಗೊನೆ ಬೆರಳಿನಷ್ಟೇ ದಪ್ಪಕ್ಕೆ ನಿಂತಿತು. ಕೊನೆಗೆ ಒಂದು ಗಿಡದ ಬುಡ ಅಗೆಸಿದೆ. ಒಂದೂವರೆ ಅಡಿಗೆ ಮಣ್ಣು ಮುಗಿಯಿತು. ಕೆಳಗೆ ಬರೀ ಉಸುಕು, ಮನೆ ಕಟ್ಟಲು ಟ್ರ್ಯಾಕ್ಟರ್‌ನಲ್ಲಿ ತರಿಸುತ್ತೇವಲ್ಲ, ಹಾಗಿರುವ ಉಸುಕು. ಹೊಲದ ಮಾಲೀಕರು ಸುಳ್ಳು ಹೇಳಿರಲಿಲ್ಲ. ಅದು ಹೊಳೆ ಮಣ್ಣೇ. ನಾನು ಕೇಳಬೇಕಾದ ಎರಡನೇ ಪ್ರಶ್ನೆ ಕೇಳಿರಲಿಲ್ಲ, ಅಷ್ಟೇ.

ಹಾಗಾಗಿ ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ತುಂಗಭದ್ರೆ, ಕೃಷ್ಣೆ, ಹಗರಿ ದಂಡೆಯಲ್ಲಿ ಹೊಲ ಕೊಳ್ಳುವವರಿಗೂ ಲಾವಣಿ ಹಿಡಿಯುವವರಿಗೂ ಉಪಯೋಗಕ್ಕೆ ಬರಬಹುದು.

ಒಂದೇ ಹೊಳೆ, ಬೇರೆ ಬೇರೆ ಮಣ್ಣು

ಪ್ರವಾಹದ ನೀರು ದಂಡೆ ಹಾರಿದ ಕೂಡಲೇ ಅದರ ಓಟ ತಗ್ಗುತ್ತದೆ. ಓಟ ತಗ್ಗಿದರೆ ಹೊತ್ತು ತಂದ ಭಾರ ಇಳಿಸಲೇಬೇಕು. ಮೊದಲು ಬೀಳುವುದು ಉಸುಕು, ಅದೂ ದಂಡೆಯ ಮಗ್ಗುಲಲ್ಲೇ. ಅದಕ್ಕೇ ಹೊಳೆಯ ಪಕ್ಕದ ಜಾಗ ಒಂಚೂರು ಎತ್ತರಕ್ಕೆ ದಿಬ್ಬದಂತೆ ಇರುತ್ತದೆ. ಅದಕ್ಕಿಂತ ಸಣ್ಣ ಕಣ, ಅಂದರೆ ರೇವೆ, ಇನ್ನಷ್ಟು ದೂರ ಹೋಗಿ ಕೂರುತ್ತದೆ. ಜೇಡಿ ಎಲ್ಲಕ್ಕಿಂತ ಹಗುರ ಕಾಲಿನದು. ನೀರು ನಿಂತು ತಿಳಿಯಾಗುವ ತಗ್ಗಿಗೆ ಹೋಗಿ, ದಿನಗಟ್ಟಲೆ ಕಾದು, ನಿಧಾನವಾಗಿ ತಳಕ್ಕಿಳಿಯುತ್ತದೆ.

ಹೀಗಾಗಿ ಹೊಳೆಯಿಂದ ಊರಿನ ಕಡೆ ನಡೆದುಕೊಂಡು ಬಂದರೆ ಕಾಲ ಕೆಳಗಿನ ಮಣ್ಣು ಹಗುರದಿಂದ ಜಿಗುಟಿಗೆ ತಿರುಗುತ್ತಾ ಬರುತ್ತದೆ. ಇದು ಸಾಮಾನ್ಯ ಲೆಕ್ಕ. ಹೊಳೆ ಮಾತ್ರ ಲೆಕ್ಕ ಇಟ್ಟುಕೊಂಡು ಹರಿಯುವುದಿಲ್ಲ. ತಿರುವಿನ ಒಳಬದಿಗೆ ಉಸುಕು ಸುರಿಯುತ್ತದೆ, ಹೊರಬದಿಯನ್ನು ಕೊರೆಯುತ್ತದೆ, ಹತ್ತಾರು ವರ್ಷದಲ್ಲಿ ತಿರುವೇ ಜಾಗ ಬದಲಿಸುತ್ತದೆ. ಇವತ್ತು ಹದವಾದ ಮಣ್ಣು ಕಾಣುವ ಕಡೆ ಅಜ್ಜನ ಅಜ್ಜನ ಕಾಲದಲ್ಲಿ ಹೊಳೆಯ ಪಾತ್ರವೇ ಇದ್ದಿರಬಹುದು. ಒಂದೊಂದು ಪ್ರವಾಹವೂ ಒಂದೊಂದು ಪದರ. ಗುಂಡಿ ತೆಗೆದರೆ ಗೋಡೆಯಲ್ಲಿ ಪಟ್ಟೆಪಟ್ಟೆಯಾಗಿ ಕಾಣುತ್ತದೆ, ನಡುನಡುವೆ ಕಾಗೆಬಂಗಾರ ಮಿಂಚುತ್ತದೆ.

ಇನ್ನೊಂದು ವಿಷಯ ನಮ್ಮ ಕಡೆಯವರು ಮರೆಯುತ್ತಾರೆ. 1953ರಲ್ಲಿ ತುಂಗಭದ್ರಾ ಡ್ಯಾಂ ಮುಗಿದ ಮೇಲೆ ಮಲೆನಾಡಿನಿಂದ ಬರುವ ರೇವೆಯ ಬಹುಪಾಲು ಅಲ್ಲೇ ನಿಲ್ಲುತ್ತಿದೆ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105 ಟಿಎಂಸಿ ಆಸುಪಾಸಿಗೆ ಇಳಿದಿದೆ. ನಮ್ಮ ಹೊಲಕ್ಕೆ ಬರಬೇಕಿದ್ದ ಮಣ್ಣು ಡ್ಯಾಂ ಹೊಟ್ಟೆಯಲ್ಲಿದೆ ಅನ್ನಿ. "ಹೊಳೆ ಪ್ರತಿ ವರ್ಷ ಹೊಸ ಗೊಬ್ಬರ ತಂದು ಹಾಕ್ತದ" ಎಂದು ಯಾರಾದರೂ ಬೆಲೆ ಏರಿಸಿದರೆ ನಂಬಬೇಡಿ. ಈಗಿರುವ ಮೆಕ್ಕಲು ಹಳೆಯ ಗಂಟು. ಇಟ್ಟಿಗೆ ಭಟ್ಟಿಗೆ ಮೇಲಿನ ಒಂದಡಿ ಮಾರಿದ ಹೊಲವಾದರೆ ಆ ಗಂಟೂ ಕರಗಿದಂತೆಯೇ.

ಹೆಸರುಗಳು: ರೈತರದು, ಲ್ಯಾಬಿನದು, ವಿಜ್ಞಾನಿಗಳದು

ನಾವು ಹೊಳಿ ಮಣ್ಣು, ಮೆಕ್ಕಲು, ರೇವೆ ಎನ್ನುತ್ತೇವೆ. ಪುಸ್ತಕದಲ್ಲಿ ಗೋಡು ಮಣ್ಣು ಎಂದಿರುತ್ತದೆ. ಗೋಡು ಅಂದರೆ ಉಸುಕು, ರೇವೆ, ಜೇಡಿ ಮೂರೂ ಒಂದನ್ನೊಂದು ತುಳಿಯದಂತೆ ಬೆರೆತ ಮಣ್ಣು. 2 ಮಿ.ಮೀ.ನಿಂದ 0.05 ಮಿ.ಮೀ. ತನಕ ಉಸುಕು, ಅಲ್ಲಿಂದ 0.002 ತನಕ ರೇವೆ, ಅದಕ್ಕಿಂತ ಸಣ್ಣದು ಜೇಡಿ. ಹದವಾದ ಗೋಡಿನಲ್ಲಿ ಜೇಡಿ ಶೇ. 7ರಿಂದ 27, ರೇವೆ ಶೇ. 28ರಿಂದ 50, ಉಸುಕು ಶೇ. 52ರ ಒಳಗೆ ಇರಬೇಕು. ಜೇಡಿ 27 ದಾಟಿದರೆ ಜಿಗುಟು ಗೋಡು, 40 ದಾಟಿದರೆ ಜೇಡಿ ಮಣ್ಣೇ. ಉಸುಕು 52 ದಾಟಿ ಜೇಡಿ 20ರೊಳಗಿದ್ದರೆ ಉಸುಕುಗೋಡು. ಜೇಡಿ ಎಷ್ಟು ಸ್ವಲ್ಪ ಇದ್ದರೂ ಸಾಕು, ಮಣ್ಣಿನ ಸ್ವಭಾವವನ್ನೇ ಆಳುತ್ತದೆ ಎಂಬುದು ಈ ಅಂಕಿಗಳಲ್ಲೇ ಕಾಣುತ್ತದೆ. ಹೆಸರಿನಲ್ಲಿ 'ಜೇಡಿ' ಬರಲು ಅರ್ಧ ಜೇಡಿಯೂ ಬೇಕಾಗಿಲ್ಲ.

ಭೂನಕ್ಷೆ ಮಾಡುವವರ ಹೆಸರುಗಳು ಬೇರೆ. ಎರೆ ಮಣ್ಣಿಗೆ, ಅಂದರೆ ಕರಿ ಮಣ್ಣಿಗೆ, ವರ್ಟಿಸಾಲ್. ಇನ್ನೂ ಎಳೆಯ, ಪದರ ಪದರದ ಹೊಳೆ ಮಣ್ಣಿಗೆ ಎಂಟಿಸಾಲ್, ಅದರೊಳಗೆ ಫ್ಲೂವೆಂಟ್ ಎಂಬ ಉಪಗಣ. ನಮ್ಮಂಥ ಮಳೆ ಕಡಿಮೆಯ ಸೀಮೆಯದಾದರೆ ಯುಸ್ಟಿಫ್ಲೂವೆಂಟ್. ಹೊಳೆಯಿಂದ ಒಂದಿಷ್ಟು ಎತ್ತರದಲ್ಲಿ, ಪ್ರವಾಹ ಮುಟ್ಟದೆ ಬಹಳ ಕಾಲ ತಣ್ಣಗಿದ್ದು, ಒಳಗೊಂದಿಷ್ಟು ಕಟ್ಟು ಬಂದ ಮಣ್ಣು ಇನ್ಸೆಪ್ಟಿಸಾಲ್ ಆಗುತ್ತದೆ. ಸಾಮಾನ್ಯವಾಗಿ ಮಣ್ಣಿನಲ್ಲಿ ಸಾವಯವ ಇಂಗಾಲ ಆಳಕ್ಕೆ ಹೋದಂತೆ ಸಮನಾಗಿ ಇಳಿಯುತ್ತದೆ. ಫ್ಲೂವೆಂಟ್‌ನಲ್ಲಿ ಹಾಗಿಲ್ಲ. ಒಂದು ಪದರದಲ್ಲಿ ಜಾಸ್ತಿ, ಮುಂದಿನದರಲ್ಲಿ ಕಮ್ಮಿ, ಮತ್ತೆ ಜಾಸ್ತಿ. ಹಳೆಯ ಹೊಲದ ಮೇಲೆ ಹೊಸ ಹೊಲ ಕೂತಿರುತ್ತದೆ, ಅದಕ್ಕೆ.

ಈ ಹೆಸರುಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಆದರೆ ಈ ವರ್ಗೀಕರಣದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದಿದೆ. ಇಂಥ ಮಣ್ಣುಗಳನ್ನು ಕಣದ ಲೆಕ್ಕದಲ್ಲಿ ಗುಂಪು ಮಾಡುವಾಗ ನೋಡುವ ಆಳ 25 ಸೆಂ.ಮೀ.ನಿಂದ 1 ಮೀಟರ್. ಮೇಲಿನ ಮುಕ್ಕಾಲು ಅಡಿಯನ್ನು ಬಿಟ್ಟೇ ಬಿಡುತ್ತಾರೆ! ನಾವು ಮೆಚ್ಚಿಕೊಂಡು ಮುಂಗಡ ಕೊಡುವುದು ಅದೇ ಮುಕ್ಕಾಲು ಅಡಿ ನೋಡಿ. ಆ ಆಳದಲ್ಲಿ ಜೇಡಿ ಶೇ. 18ಕ್ಕಿಂತ ಕಮ್ಮಿ ಇದ್ದರೆ ಒರಟು ಗೋಡು, 18ರಿಂದ 35ರ ನಡುವೆ ಇದ್ದರೆ ನುಣುಪು ಗೋಡು. ಮೇಲೆ ಗೋಡು ಇದ್ದು ಕೆಳಗೆ ತಟ್ಟನೆ ಉಸುಕು ಬಂದರೆ ಅದಕ್ಕೇ ಒಂದು ಬೇರೆ ವರ್ಗ, 'ಉಸುಕಿನ ಮೇಲೆ ಗೋಡು' ಎಂದು. ನನ್ನ ಬಾಳೆ ಹೋಗಿದ್ದು ಇದರಲ್ಲಿ. ಹೆಸರು ಗೊತ್ತಾಗಿದ್ದು ಆಮೇಲೆ.

ಮೂರು ಹೊಲ

ಅಕ್ಕನ ಮಗ ನೋಡಿದ ಮೂರು ಹೊಲವೂ ಈ ಸಾಲಿಗೇ ಸರಿಯಾಗಿ ಕೂರುತ್ತಿದ್ದವು.

ಮೊದಲನೆಯದು ದಂಡೆಯ ದಿಬ್ಬದ ಮೇಲಿನದು, ಉಸುಕುಗೋಡು. ಇದರ ಗುಣವನ್ನು ಜನ ಹಗುರ ಮಾಡಿ ನೋಡುತ್ತಾರೆ, ಅದು ತಪ್ಪು. ಮಳೆ ನಿಂತ ಮರುದಿನವೇ ಹೊಲಕ್ಕೆ ಇಳಿಯಬಹುದು. ಗಂಟೆಗೆ 20ರಿಂದ 30 ಮಿ.ಮೀ. ನೀರು ಇಂಗುತ್ತದೆ. ಶೇಂಗಾ ಕೀಳುವಾಗ ಬಳ್ಳಿ ಎಳೆದರೆ ಕಾಯಿ ನೆಲದಲ್ಲಿ ಉಳಿಯುವುದಿಲ್ಲ. ಕಲ್ಲಂಗಡಿ, ಸೌತೆ, ಗೆಣಸಿಗೆ ಇದಕ್ಕಿಂತ ಒಳ್ಳೆಯ ಮಣ್ಣು ಬೇಡ. ಡ್ರಿಪ್ ಹಾಕುವ ತಾಕತ್ತಿದ್ದರೆ ತರಕಾರಿಯೂ ಚೆನ್ನಾಗಿ ಬರುತ್ತದೆ. ಕಷ್ಟ ಎಲ್ಲಿ ಅಂದರೆ ಗೊಬ್ಬರ ನಿಲ್ಲುವುದಿಲ್ಲ. ಯೂರಿಯಾ ಒಂದೇ ಸಲ ಚೆಲ್ಲಿದರೆ ಅರ್ಧ ಹೊಳೆಗೇ ವಾಪಸ್. ಸಣ್ಣ ಸಣ್ಣ ಕಂತಿನಲ್ಲಿ ಕೊಡಬೇಕು. ಬಾಳೆ, ಟೊಮ್ಯಾಟೊ ಬೇರಿಗೆ ಗಂಟು ಕಟ್ಟಿಸುವ ಜಂತುಹುಳುವಿಗೂ ಉಸುಕು ಮಣ್ಣೆಂದರೆ ಪ್ರೀತಿ. ನೆಲ್ಲು ಅಂತೂ ಕನಸಿನಲ್ಲೂ ಬೇಡ.

ಎರಡನೆಯದು ನಡುವಿನ ಪಟ್ಟಿ, ಹದವಾದ ಗೋಡು. ಗಂಟೆಗೆ 10ರಿಂದ 20 ಮಿ.ಮೀ. ಇಂಗುತ್ತದೆ, ಇಂಗಿದ್ದನ್ನು ಹಿಡಿದೂ ಇಟ್ಟುಕೊಳ್ಳುತ್ತದೆ. ಬಾಳೆ, ತೆಂಗು, ಕಬ್ಬು, ಮೆಣಸಿನಕಾಯಿ, ಏನು ಹಾಕಿದರೂ ಬೇಡ ಅನ್ನುವುದಿಲ್ಲ. ಆನೆಗೊಂದಿ, ಕಂಪ್ಲಿ ಸೀಮೆಯಲ್ಲಿ ವಿಜಯನಗರದ ಕಾಲದ ಕಾಲುವೆಗಳ ಕೆಳಗೆ ಬಾಳೆ ತೋಟಗಳು ತಲೆಮಾರುಗಟ್ಟಲೆ ನಿಂತಿರುವುದು ಸುಮ್ನೆ ಅಲ್ಲ. ಇದರಲ್ಲೇ ರೇವೆ ಜಾಸ್ತಿ ಇರುವ ಬಗೆ ಒಂದಿದೆ. ಕೈಯಲ್ಲಿ ಹಿಡಿದರೆ ಹಿಟ್ಟಿನ ಹಾಗೆ ನುಣ್ಣಗಿರುತ್ತದೆ. ಅದರದ್ದೊಂದು ಕಿರಿಕಿರಿ. ಬಿತ್ತಿದ ಮೇಲೆ ಜೋರು ಮಳೆ ಬಿದ್ದು ಬಿಸಿಲು ಹೊಡೆದರೆ ಮೇಲೆ ಹಪ್ಪಳ ಕಟ್ಟುತ್ತದೆ, ಮೊಳಕೆ ತಲೆ ಎತ್ತಲಾಗದೆ ಒಳಗೇ ಮುರುಟುತ್ತದೆ. ಹಗುರವಾಗಿ ಕುಂಟೆ ಹಾಯಿಸಿ ಹಪ್ಪಳ ಒಡೆಯಬೇಕು.

ಮೂರನೆಯದು ತಗ್ಗಿನ ಜಿಗುಟು ಗೋಡು. ಗಂಟೆಗೆ 5ರಿಂದ 10 ಮಿ.ಮೀ. ಇಂಗಿದರೆ ಹೆಚ್ಚು. ಗೊಬ್ಬರ ಹಿಡಿಯುತ್ತದೆ, ನೀರು ಹಿಡಿಯುತ್ತದೆ, ಟ್ರ್ಯಾಕ್ಟರ್ ಗಾಲಿಯನ್ನೂ ಹಿಡಿಯುತ್ತದೆ. ನೆಲ್ಲಿಗೆ ಇದೇ ಮಣ್ಣು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಸೋನಾ ಮಸೂರಿ ನಿಂತಿರುವುದು ಇಂಥ ಭಾರದ ಮಣ್ಣು ಮತ್ತು ಎರೆಯ ಮೇಲೆ. ಆದರೆ ತಗ್ಗು ಎಂದ ಮೇಲೆ ಮೇಲಿನವರ ಗದ್ದೆಯ ಬಸಿನೀರೆಲ್ಲ ಇಲ್ಲಿಗೇ. ತುಂಗಭದ್ರಾ ಯೋಜನೆಯಲ್ಲಿ ಹೆಚ್ಚಿನ ಪ್ರದೇಶಕ್ಕೆ ಕಮ್ಮಿ ನೀರಿನ ಬೆಳೆ ಎಂದು ಲೆಕ್ಕ ಹಾಕಿದ್ದರು. ನಾವು ಎರಡು ಬೆಳೆ ನೆಲ್ಲು ಮಾಡಿದೆವು. ಅಂತರ್ಜಲ ಮೇಲೆ ಬಂತು, ಜೊತೆಗೆ ಉಪ್ಪನ್ನೂ ತಂದಿತು. ಸವಳು-ಜವಳಿನ (ಉಪ್ಪೇರಿದ, ನೀರು ನಿಂತು ಕೆಟ್ಟ ನೆಲದ) ಕೆಲಸಕ್ಕೇ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಒಂದು ವಿಭಾಗ ಇದೆ ಅಂದರೆ ತೊಂದರೆ ಎಷ್ಟು ದೊಡ್ಡದು ಎಂದು ತಿಳಿಯಿರಿ.

ಸವಳಿನಲ್ಲೂ ಎರಡು ಬಗೆ, ಎರಡಕ್ಕೂ ಮದ್ದು ಬೇರೆ. ಲ್ಯಾಬಿನ ಚೀಟಿಯಲ್ಲಿ ಇಸಿ (ಮಣ್ಣಿನ ಉಪ್ಪು ಎಷ್ಟೆಂದು ತೋರಿಸುವ ಅಂಕಿ) 4 ದಾಟಿ, ಪಿಎಚ್ (ಹುಳಿ-ಕ್ಷಾರದ ಅಂಕಿ) 8.5ರ ಒಳಗಿದ್ದರೆ ಅದು ಬರೀ ಉಪ್ಪು. ಬಸಿಗಾಲುವೆ ತೆಗೆದು ಒಳ್ಳೆಯ ನೀರಿನಲ್ಲಿ ತೊಳೆದರೆ ಹೋಗುತ್ತದೆ. ಪಿಎಚ್ 8.5 ದಾಟಿದ್ದರೆ ಸೋಡಿಯಂ ಮಣ್ಣನ್ನು ಹಿಡಿದುಕೊಂಡಿದೆ ಎಂದು ಅನುಮಾನ ಪಡಬೇಕು. ಜಿಪ್ಸಂ ಇಲ್ಲದೆ ಬರೀ ನೀರು ಹಾಯಿಸಿದರೆ ಇನ್ನಷ್ಟು ಬಿಗಿಯುತ್ತದೆ. ಒಂದು ವರ್ಷದ ಲಾವಣಿಗೆ ಜಿಪ್ಸಂ ಸುರಿಯುವವರು ಯಾರು? ಅಂಥ ಹೊಲ ಬಿಟ್ಟುಬಿಡಿ.

ಈ ಹೊಳೆ ಮಣ್ಣುಗಳನ್ನು ಎರೆ, ಮಸಾರಿ (ಕೆಂಪು ಮಣ್ಣು) ಜೊತೆ ಇಟ್ಟು ನೋಡಿದರೆ ಹೇಗೆ? ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಯಲ್ಲೂ ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು. ಕಾಲುವೆ ಇಲ್ಲ, ಬೋರ್ ಇಲ್ಲ, ಮಳೆಯನ್ನೇ ನಂಬಬೇಕು ಅಂದರೆ ನಾನು ಕಣ್ಣು ಮುಚ್ಚಿ ಆಳದ ಎರೆ ಹಿಡಿಯುತ್ತೇನೆ. ಹಿಂಗಾರಿ ಜೋಳ, ಕಡಲೆ ನೆಲದ ಹಸಿಯಲ್ಲೇ ಬರುತ್ತವೆ. ಹೊಳೆ ಗೋಡು ಅಷ್ಟು ಕಾಲ ಹಸಿ ಕಾಯುವುದಿಲ್ಲ. ನೀರು ಕೈಯಲ್ಲಿದ್ದರೆ ಮಾತು ತಿರುಗುತ್ತದೆ, ಆಗ ಗೋಡು ಮುಂದೆ. ಮಸಾರಿ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಕೊಪ್ಪಳದ ದಾಳಿಂಬೆಯವರು ಅದರಲ್ಲೇ ದುಡ್ಡು ಮಾಡಿದ್ದಾರೆ, ಆದರೆ ಅದು ಹೊಳೆಯ ಕಥೆಯಲ್ಲ.

ಬಾಟಲಿ, ಪಟ್ಟಿ, ಗುಂಡಿ

ಕೈಯಿಂದಲೇ ಮಣ್ಣು ಗುರುತಿಸಬಹುದು. ಒಂದು ನಿಂಬೆಹಣ್ಣಿನಷ್ಟು ಮಣ್ಣನ್ನು ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತುತ್ತಾ ಪಟ್ಟಿ ತೆಗೆಯಿರಿ. 2.5 ಸೆಂ.ಮೀ. ಆಗುವ ಮುಂಚೆ ಮುರಿದರೆ ಗೋಡು ಅಥವಾ ಉಸುಕುಗೋಡು. ಕಿವಿಯ ಹತ್ತಿರ ಹಿಡಿದು ಉಜ್ಜಿದಾಗ ಕರಕರ ಎಂದರೆ ಉಸುಕಿನ ಕಡೆಯದು. 2.5ರಿಂದ 5 ಸೆಂ.ಮೀ. ಬಂದರೆ ಜಿಗುಟು ಗೋಡು. ಅದಕ್ಕೂ ಉದ್ದ ಬಂದರೆ ಜೇಡಿ.

ಬಾಟಲಿ ಪರೀಕ್ಷೆ ಇನ್ನೂ ಚೆಂದ. ಲೀಟರ್ ಬಾಟಲಿಗೆ ಮೂರನೇ ಒಂದು ಭಾಗ ಪುಡಿ ಮಣ್ಣು, ಮೇಲೆ ನೀರು, ಚಿಟಿಕೆ ಬಟ್ಟೆ ತೊಳೆಯುವ ಪುಡಿ. ಚೆನ್ನಾಗಿ ಅಲುಗಿಸಿ ಇಡಿ. ಒಂದು ನಿಮಿಷಕ್ಕೆ ಕೂತದ್ದು ಉಸುಕು, ಎರಡು ತಾಸಿಗೆ ಕೂತದ್ದು ರೇವೆ, ಮರುದಿನಕ್ಕೆ ಕೂತದ್ದು ಜೇಡಿ. ಸ್ಕೇಲ್ ಇಟ್ಟು ಅಳೆದರೆ ಶೇಕಡಾ ಲೆಕ್ಕ ಅಂದಾಜಿಗೆ ಸಿಗುತ್ತದೆ. ಇನ್ನೊಂದು ಬಾಟಲಿಯಲ್ಲಿ ಸೋಪಿನ ಪುಡಿ ಹಾಕದೆ ಮಳೆನೀರಿನಲ್ಲೇ ಕಲಸಿ ಇಡಿ. ಎರಡು ಮೂರು ದಿನವಾದರೂ ನೀರು ಚಹಾದ ಹಾಗೆ ಕದಡಿಯೇ ಇದ್ದರೆ ಸೋಡಿಯಂ ಬಗ್ಗೆ ಅನುಮಾನ ಪಟ್ಟು ಲ್ಯಾಬಿಗೆ ಓಡಿ.

ಲ್ಯಾಬಿನ ವಿಷಯಕ್ಕೆ ಬಂದರೆ, ಮಣ್ಣು ಆರೋಗ್ಯ ಕಾರ್ಡಿನ ಮಾದರಿ ಸಾಮಾನ್ಯವಾಗಿ ಮೇಲಿನ 15 ಸೆಂ.ಮೀ.ನದು. ಗೊಬ್ಬರದ ಲೆಕ್ಕಕ್ಕೆ ಅದು ಸರಿ. ಹೊಳೆ ದಂಡೆಯ ಹೊಲ ಹಿಡಿಯಬೇಕೋ ಬೇಡವೋ ಎಂಬುದಕ್ಕೆ ಅದು ಸಾಲದು. ನನ್ನ ಬಾಳೆ ಹೊಲದ ಕಾರ್ಡೂ ಪಾಸಾಗಿತ್ತು, ಅಲ್ವಾ! ಒಂದಡಿ, ಎರಡಡಿ, ಮೂರಡಿಯ ಮಣ್ಣನ್ನು ಬೇರೆ ಬೇರೆ ಚೀಲದಲ್ಲಿ ಕಟ್ಟಿ ಒಯ್ಯಿರಿ.

ಇದೆಲ್ಲಕ್ಕಿಂತ ಮುಖ್ಯ ಗುಂಡಿ. ಮೂರಡಿ ಆಳ, ಒಬ್ಬ ಇಳಿದು ನಿಲ್ಲುವಷ್ಟು ಅಗಲ. ಹೊಲದ ಹೊಳೆ ಕಡೆಗೊಂದು, ಊರ ಕಡೆಗೊಂದು. ಗೋಡೆಯನ್ನು ಕುಡಗೋಲಿನ ತುದಿಯಿಂದ ಕೆರೆಯುತ್ತಾ ಇಳಿಯಿರಿ. ಸದ್ದು ಬದಲಾದ ಕಡೆ ಪದರ ಬದಲಾಗಿದೆ. ಹಳೆಯ ಬೆಳೆಯ ಬೇರು ಎಲ್ಲಿ ನಿಂತಿದೆ ನೋಡಿ, ಬೇರು ಸುಳ್ಳು ಹೇಳುವುದಿಲ್ಲ. ಎರಡಡಿ ಕೆಳಗೆ ಬೂದು ಬಣ್ಣ, ತುಕ್ಕಿನ ಚುಕ್ಕೆ ಕಂಡರೆ ಅಲ್ಲಿ ವರ್ಷದಲ್ಲಿ ಕೆಲವು ತಿಂಗಳು ನೀರು ನಿಲ್ಲುತ್ತದೆ.

ಉಸುಕಿನ ಪದರ ಕಂಡಾಕ್ಷಣ ಓಡಿ ಹೋಗಬೇಕಿಲ್ಲ, ಎಷ್ಟು ಆಳದಲ್ಲಿ ಎಂಬುದು ಪ್ರಶ್ನೆ. ಗೋಡಿನ ಕೆಳಗೆ ಉಸುಕು ಇದ್ದರೆ ನೀರು ಸೋರಿ ಹೋಗುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ನಡೆಯುವುದು ಬೇರೆ. ಮೇಲಿನ ಪದರ ತುಂಬ ನೆನೆಯುವ ತನಕ ನೀರು ಉಸುಕಿಗೆ ಇಳಿಯುವುದೇ ಇಲ್ಲ, ಸಣ್ಣ ರಂಧ್ರಗಳು ಅದನ್ನು ಬಿಟ್ಟುಕೊಡುವುದಿಲ್ಲ. ಹೀಗಾಗಿ ಈರುಳ್ಳಿ, ಸೊಪ್ಪಿನಂಥ ಗಿಡ್ಡ ಬೇರಿನ ಬೆಳೆಗೆ ಇದು ಲಾಭವೇ. ಬೇರು ಕೆಳಗಿಳಿಯಬೇಕಾದ ಬೆಳೆಗೆ ನಷ್ಟ.

ಲೆಕ್ಕ ಹಾಕಿ ನೋಡಿ. ಉಸುಕು ಹೆಚ್ಚಿನ ಮಣ್ಣು ಮೀಟರ್ ಆಳಕ್ಕೆ 25ರಿಂದ 100 ಮಿ.ಮೀ. ನೀರನ್ನು ಬೆಳೆಗಾಗಿ ಹಿಡಿದಿಡುತ್ತದೆ, ಗೋಡು 100ರಿಂದ 175, ಜೇಡಿ 175ರಿಂದ 250. ಬೇಸಿಗೆಯಲ್ಲಿ ಬೆಳೆ ದಿನಕ್ಕೆ 6 ಮಿ.ಮೀ. ಕುಡಿಯುತ್ತದೆ ಎಂದುಕೊಳ್ಳಿ. ಎರಡಡಿ ಬೇರು ಹೋಗುವ ಗೋಡು, ಮೀಟರಿಗೆ 140ರ ಲೆಕ್ಕದಲ್ಲಿ 84 ಮಿ.ಮೀ. ಅದರಲ್ಲಿ ಅರ್ಧ ಮುಗಿಯುವಷ್ಟರಲ್ಲಿ ಮತ್ತೆ ನೀರು ಕೊಡಬೇಕು, ಅಂದರೆ 7 ದಿನ. ಅದೇ ಗೋಡು ಒಂದೂವರೆ ಅಡಿಗೇ ನಿಂತರೆ 5 ದಿನ. ಉಸುಕುಗೋಡಾದರೆ, ಮೀಟರಿಗೆ 80ರಂತೆ, ನಾಲ್ಕೇ ದಿನ. ನಾನು ವಾರಕ್ಕೊಮ್ಮೆ ನೀರು ಕೊಡುತ್ತಿದ್ದೆ. ಬಾಳೆ ಪ್ರತಿ ವಾರ ಎರಡು ದಿನ ಉಪವಾಸ ಇತ್ತು.

ಹೊಳೆ ಬಂದರೆ

ಪ್ರವಾಹದ ಮಾತನ್ನು ಹೊಲ ತೋರಿಸುವವರು ಎತ್ತುವುದಿಲ್ಲ, ನೀವೇ ಕೇಳಬೇಕು. 2009ರ ಅಕ್ಟೋಬರ್ ಮೊದಲ ವಾರದಲ್ಲಿ ನೀರು ಎಲ್ಲಿಯ ತನಕ ಬಂದಿತ್ತು ಎಂದು ಪಕ್ಕದ ಹೊಲದವರನ್ನು, ಸಾಧ್ಯವಾದರೆ ದನ ಕಾಯುವ ಮುದುಕರನ್ನು ಕೇಳಿ. ಬೇವಿನ ಮರ ತೋರಿಸಿ "ಇಲ್ಲೀತನ" ಎನ್ನುತ್ತಾರೆ. 2019ರ ಆಗಸ್ಟ್‌ನಲ್ಲಿ ಹಂಪಿ ಎದುರಿನ ನಡುಗಡ್ಡೆ ವಿರೂಪಾಪುರ ಗಡ್ಡೆ ಮುಳುಗಿದ್ದು ನೆನಪಿರಬಹುದು. ನೀರು ಬಂದು ಹೋದ ಮೇಲೆ ರೇವೆ ಬಿಟ್ಟಿತೋ ಉಸುಕು ಬಿಟ್ಟಿತೋ ಎಂಬುದನ್ನೂ ಕೇಳಿ. ನಾಲ್ಕು ಬೆರಳು ರೇವೆ ಬಿಟ್ಟರೆ ಮುಂದಿನ ಬೆಳೆಗೆ ಹಬ್ಬ. ಮೊಣಕಾಲುದ್ದ ಉಸುಕು ಬಿಟ್ಟರೆ ಅದನ್ನು ತೆಗೆಸಲು ಆ ವರ್ಷದ ಬೆಳೆಯ ದುಡ್ಡೂ ಸಾಲದು. ಹಗರಿ ದಂಡೆಯವರಿಗೆ ಇನ್ನೊಂದು ಕಾಟ, ಅಲ್ಲಿ ಒಣಗಿದ ಹೊಳೆಯ ಉಸುಕನ್ನು ಬೇಸಿಗೆ ಗಾಳಿಯೇ ಹೊಲಕ್ಕೆ ತಂದು ಸುರಿಯುತ್ತದೆ.

ಅಕ್ಕನ ಮಗ ಮೂರೂ ಹೊಲದಲ್ಲಿ ಗುಂಡಿ ತೆಗೆಸಿದ. ದಿಬ್ಬದ ಹೊಲದಲ್ಲಿ ಒಂದಡಿಗೆ ಉಸುಕು. ತಗ್ಗಿನದರಲ್ಲಿ ಎರಡೂವರೆ ಅಡಿಗೆ ನೀರೇ ಒಸರಿತು, ಪಿಎಚ್ 8.7 ಬಂತು. ನಡುವಿನ ಹೊಲದಲ್ಲಿ ಊರ ಕಡೆಯ ಗುಂಡಿ ಮೂರಡಿ ತನಕ ಒಂದೇ ಸಮ, ಹೊಳೆ ಕಡೆಯದರಲ್ಲಿ ಎರಡಡಿಗೆ ಉಸುಕು. ಐದು ಎಕರೆ ಒಟ್ಟಿಗೇ ಹಿಡಿಯಬೇಕೆಂದು ಮಾಲೀಕರ ಹಟ. ಗುಂಡಿಯೊಳಗೆ ಇಳಿಸಿ ಉಸುಕು ತೋರಿಸಿದ ಮೇಲೆ ಹೊಳೆ ಕಡೆಯ ಎರಡು ಎಕರೆಗೆ ಲಾವಣಿ ಇಳಿಸಿದರು. ಅಲ್ಲಿ ಈರುಳ್ಳಿ, ಇತ್ತ ಮೂರು ಎಕರೆಗೆ ಬಾಳೆ. ಉಳಿದೆರಡು ಹೊಲದವರು ಮಾತ್ರ ಫೋನ್ ಮಾಡಿ, ತೆಗೆಸಿದ ಗುಂಡಿ ಯಾವಾಗ ಮುಚ್ಚಿಸ್ತಿ ಎಂದು ಇನ್ನೂ ಕೇಳುತ್ತಿದ್ದಾರಂತೆ.